ಅಟೆನ್‌ಬರೋ: ಒಂದು ಅಪರೂಪದ ಬ್ರಿಟಿಷ್ ಸರ್‌ನೇಮ್ ಹುಟ್ಟಿದ್ದು, ಉಳಿದದ್ದು ಹೇಗೆ?

ಡೇವಿಡ್ ಅಟೆನ್‌ಬರೋ ಅವರ ದನಿ ಕೇಳದವರು ನಮ್ಮಲ್ಲಿ ಕಡಿಮೆ. ಕರ್ನಾಟಕದ ಕಾಡುಗಳ ಬಗ್ಗೆ ಬಂದ ಸಾಕ್ಷ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿ ನಿರೂಪಣೆ ಮಾಡಿದವರೂ ಅವರೇ. ಅವರ ಅಣ್ಣ ರಿಚರ್ಡ್ ಅಟೆನ್‌ಬರೋ ಗಾಂಧೀಜಿಯ ಬದುಕನ್ನು ತೆರೆಗೆ ತಂದು ಆಸ್ಕರ್ ಪಡೆದವರು. ಇವರಿಬ್ಬರ ದೆಸೆಯಿಂದ ಈ ಹೆಸರು ಲೋಕಕ್ಕೆಲ್ಲ ಗೊತ್ತು. ಆದರೆ ಬ್ರಿಟನ್ನಿನಲ್ಲೇ ಇದು ಅಪರೂಪದ ಹೆಸರು. ಸ್ಮಿತ್ ಅಂತ ಸರ್‌ನೇಮ್ ಇರುವವರು ಅಲ್ಲಿ ಐದು ಲಕ್ಷಕ್ಕೂ ಜಾಸ್ತಿ. ಅಟೆನ್‌ಬರೋಗಳನ್ನು ಹುಡುಕಿಕೊಂಡು ಹೋಗಬೇಕು.

ಇಂಥ ಅಪರೂಪದ ಹೆಸರು ಕೇಳಿದಾಗ ಯಾರಿಗಾದರೂ ಒಂದು ಪ್ರಶ್ನೆ ಬರುತ್ತದೆ. ಈ ಹೆಸರಿನವರೆಲ್ಲ ಒಂದೇ ಮನೆತನದವರಾ? ಎಲ್ಲೋ ಏಳೆಂಟು ನೂರು ವರ್ಷಗಳ ಹಿಂದೆ ಒಬ್ಬನೇ ಒಬ್ಬ ಮೂಲಪುರುಷ ಇದ್ದನಾ? 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೆ ಡಿಎನ್‌ಎ ಮೂಲಕ ಉತ್ತರ ಹುಡುಕಿದರು. ಉತ್ತರ ಸಿಕ್ಕಿತು, ತುಂಬಾ ಸ್ಪಷ್ಟವಾಗಿಯೇ ಸಿಕ್ಕಿತು. ಆದರೆ ಆ ಉತ್ತರವನ್ನು ಓದುವುದರಲ್ಲಿ ಬಹಳ ಜನ ಎಡವುತ್ತಾರೆ. ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಊರಿನಿಂದ ಶುರು ಮಾಡೋಣ. ಅಟೆನ್‌ಬರೋ ಅನ್ನುವುದು ಇಂಗ್ಲೆಂಡಿನ ನಡುಭಾಗದ ನಾಟಿಂಗ್‌ಹ್ಯಾಮ್‌ಷೈರ್ ಜಿಲ್ಲೆಯ ಒಂದು ಹಳ್ಳಿ. ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ದಡದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಆಡ್ಡಾ ಎಂಬ ಹೆಸರಿನವನಿಗೆ ಸೇರಿದ ಕೋಟೆ ಅಥವಾ ಭದ್ರ ನೆಲೆ ಎಂಬುದು ಊರಿನ ಹೆಸರಿನ ಮೂಲ. ಅಲ್ಲಿ ಸೇಂಟ್ ಮೇರಿಯ ಹಳೆಯ ಚರ್ಚ್ ಇದೆ. ಚಾರ್ಲ್ಸ್ ದೊರೆಯ ಮರಣದಂಡನೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ, ಆಲಿವರ್ ಕ್ರಾಮ್‌ವೆಲ್‌ನ ಅಳಿಯ ಹೆನ್ರಿ ಐರ್ಟನ್ 1611ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. 1929ರಿಂದ ಈಚೆಗೆ ಊರ ಪಕ್ಕದಲ್ಲಿ ಜಲ್ಲಿ ಮರಳು ತೆಗೆಯಲು ತೋಡಿದ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು, ಹಕ್ಕಿಗಳು ಬಂದವು, 1966ರಲ್ಲಿ ಅದು ನಿಸರ್ಗಧಾಮವಾಯಿತು. ಅದನ್ನು ಉದ್ಘಾಟಿಸಿದವರು ಡೇವಿಡ್ ಅಟೆನ್‌ಬರೋ. ಈ ಕೊನೆಯ ಸಂಗತಿ ನನಗೆ ತುಂಬಾ ಇಷ್ಟ.

ಈಗ ಊರಿನ ಹೆಸರು ಜನರ ಹೆಸರಾದದ್ದು ಹೇಗೆ ಅಂತ ನೋಡೋಣ. 1066ರಲ್ಲಿ ನಾರ್ಮನ್ನರು ಬಂದು ಗೆಲ್ಲುವ ಮುಂಚೆ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಸಾಮಾನ್ಯವಾಗಿ ಒಂದೇ ಹೆಸರು. ಮನೆತನದ ಹೆಸರು ಅಂತ ಇರಲಿಲ್ಲ. ನಾರ್ಮನ್ ಜಮೀನ್ದಾರರು ತಮ್ಮ ಆಸ್ತಿಯ ಊರುಗಳ ಹೆಸರನ್ನು ತಮ್ಮ ಹೆಸರಿನ ಜೊತೆ ಇಟ್ಟುಕೊಂಡರು. ಭೂಮಿ ಮಗನಿಗೆ ಹೋಗುವಾಗ ಹೆಸರೂ ಮಗನಿಗೆ ಹೋದರೆ ಹಕ್ಕು ಸಾಧಿಸುವುದು ಸುಲಭ, ಅಲ್ವಾ? ಮುಂದಿನ ಮುನ್ನೂರು ವರ್ಷಗಳಲ್ಲಿ ಈ ರೂಢಿ ನಿಧಾನವಾಗಿ ಕೆಳಗಿಳಿದು ರೈತರಿಗೆ, ಕಸುಬುದಾರರಿಗೆ, ಕೂಲಿಯವರಿಗೆ ಬಂತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. ವೇಲ್ಸ್‌ನಲ್ಲಂತೂ ಇನ್ನೂ ಎಷ್ಟೋ ಕಾಲ ಅಪ್ಪನ ಹೆಸರನ್ನೇ ಸೇರಿಸಿ ಕರೆಯುವ ಪದ್ಧತಿ ನಡೆಯಿತು. ಇದಕ್ಕೆ ಸರ್ಕಾರದ ಲೆಕ್ಕವೂ ಕಾರಣ. 1377, 1379 ಮತ್ತು 1381ರಲ್ಲಿ ತಲೆಗಂದಾಯ ಹಾಕಿದಾಗ ಒಂದೇ ಊರಿನ ಹತ್ತು ಜಾನ್‌ಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಲೇಬೇಕಿತ್ತು.

ಆಗ ಹುಟ್ಟಿದ ಹೆಸರುಗಳು ಮುಖ್ಯವಾಗಿ ನಾಲ್ಕು ದಾರಿಯಲ್ಲಿ ಬಂದವು. ಕಸುಬಿನಿಂದ, ಅಪ್ಪನ ಹೆಸರಿನಿಂದ, ಮೈಬಣ್ಣ ಅಥವಾ ಸ್ವಭಾವಕ್ಕೆ ಇಟ್ಟ ಅಡ್ಡಹೆಸರಿನಿಂದ, ಮತ್ತು ಊರು ಅಥವಾ ಜಾಗದಿಂದ. ಅಟೆನ್‌ಬರೋ ಕೊನೆಯ ಗುಂಪಿಗೆ ಸೇರಿದ್ದು. ಆದರೆ ಇಲ್ಲಿ ಒಂದು ವಿಷಯ ಗಮನಿಸಬೇಕು, ಯಾಕೆಂದರೆ ಮುಂದಿನ ಕಥೆಗೆಲ್ಲ ಇದೇ ಆಧಾರ. ಅಟೆನ್‌ಬರೋ ಹಳ್ಳಿಯಲ್ಲೇ ಇರುವ ಒಬ್ಬನನ್ನು ಆ ಹಳ್ಳಿಯವರು ಅಟೆನ್‌ಬರೋದವನು ಅಂತ ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಅಟೆನ್‌ಬರೋದವರೇ. ಊರು ಬಿಟ್ಟು ಬೇರೆ ಕಡೆ ಹೋಗಿ ನೆಲೆಸಿದವನಿಗೆ ಮಾತ್ರ ಆ ಹೆಸರು ಅಂಟುತ್ತದೆ. ಅಂದರೆ ಊರಿನಿಂದ ಬಂದ ಸರ್‌ನೇಮ್ ಅನ್ನುವುದು ವಲಸೆ ಹೋದವನಿಗೆ ಅಕ್ಕಪಕ್ಕದವರು ಕೊಟ್ಟ ಹೆಸರು. ಹಾಗಂತ ಜನ ದೂರ ಹೋಗುತ್ತಿರಲಿಲ್ಲ. ನಡೆದು ಒಂದು ದಿನದಲ್ಲಿ ತಲುಪುವಷ್ಟು ದೂರದ ಸಂತೆ ಊರಿಗೋ, ಮದುವೆಯಾದ ಊರಿಗೋ, ಕೆಲಸ ಸಿಕ್ಕ ಊರಿಗೋ ಹೋದವರೇ ಹೆಚ್ಚು.

ಇನ್ನೊಂದು ಸಾಧ್ಯತೆಯನ್ನೂ ಹೆಸರುಗಳ ಇತಿಹಾಸ ಓದಿದವರು ಹೇಳುತ್ತಾರೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ಕೋಟೆಯ ಹತ್ತಿರ ಮನೆ ಮಾಡಿಕೊಂಡವನನ್ನು ಕರೆಯುವ ರೀತಿಯೂ ಹೆಚ್ಚುಕಮ್ಮಿ ಹೀಗೇ ಕೇಳುತ್ತಿತ್ತು. ಹಾಗಾಗಿ ಈ ಹಳ್ಳಿಗೂ ತಮಗೂ ಸಂಬಂಧವೇ ಇಲ್ಲದ ಒಂದೆರಡು ಅಟೆನ್‌ಬರೋ ಮನೆತನಗಳು ಬೇರೆ ಕಡೆ ಹುಟ್ಟಿರಬಹುದು. ಈ ಸಾಧ್ಯತೆ ನೆನಪಿರಲಿ. ಡಿಎನ್‌ಎ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ದಾಖಲೆಗಳ ಕಡೆ ಒಂದು ನೋಟ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಸಾವಿನ ಲೆಕ್ಕ ಬರೆದಿಡಬೇಕು ಅಂತ ಆಜ್ಞೆ ಮಾಡಿದ. ಇಂಗ್ಲೆಂಡಿನ ಸಾಮಾನ್ಯ ಕುಟುಂಬಗಳ ವಂಶಾವಳಿ ಸಿಗುವುದು ಹೆಚ್ಚಾಗಿ ಅಲ್ಲಿಂದ ಮುಂದಕ್ಕೆ. ಬರೆಯುವವನು ಪಾದ್ರಿ ಅಥವಾ ಅವನ ಗುಮಾಸ್ತ. ಹೆಸರು ಹೇಳುವವನಿಗೆ ಓದು ಬರಹ ಬಾರದು. ಕಿವಿಗೆ ಬಿದ್ದಂತೆ ಬರೆದರು, ಅದಕ್ಕೇ ಒಂದೇ ಮನೆಯ ಅಣ್ಣತಮ್ಮಂದಿರ ಹೆಸರು ಬೇರೆಬೇರೆ ಕಾಗುಣಿತದಲ್ಲಿ ಸಿಗುತ್ತದೆ. 1837ರ ಜುಲೈಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರವೇ ಜನನ ಮರಣ ನೋಂದಣಿ ಶುರು ಮಾಡಿತು, ಆಮೇಲೆ ಕಾಗುಣಿತ ಗಟ್ಟಿಯಾಯಿತು.

ಹೆಸರು ಎಲ್ಲಿ ದಟ್ಟವಾಗಿದೆ ಅಂತ ತಿಳಿಯಲು 1881ರ ಜನಗಣತಿ ಸಂಶೋಧಕರ ಅಚ್ಚುಮೆಚ್ಚು. ಕಂಪ್ಯೂಟರಿಗೂ ಬಹಳ ಮುಂಚೆ, 1890ರಲ್ಲಿ, ಹೆನ್ರಿ ಗಪ್ಪಿ ಎಂಬುವರು ಒಂದು ಜಾಣ ಉಪಾಯ ಮಾಡಿದ್ದರು. ವ್ಯಾಪಾರಿ ಕೈಪಿಡಿಗಳಲ್ಲಿದ್ದ ರೈತರ ಹೆಸರುಗಳನ್ನಷ್ಟೇ ಎಣಿಸಿದರು. ಭೂಮಿಗೆ ಕಟ್ಟಿಕೊಂಡವರು ಊರು ಬಿಡುವುದು ಕಡಿಮೆ, ಆದ್ದರಿಂದ ಹೆಸರಿನ ತವರು ಅವರಲ್ಲೇ ಉಳಿದಿರುತ್ತದೆ ಅನ್ನುವುದು ಅವರ ತರ್ಕ. ಸೊಗಸಾದ ತರ್ಕ ಅದು. ಅಟೆನ್‌ಬರೋ ಹೆಸರಿನ ತವರು ಇವತ್ತಿಗೂ ನಾಟಿಂಗ್‌ಹ್ಯಾಮ್‌ಷೈರ್ ಮತ್ತು ಅದರ ಸುತ್ತಮುತ್ತಲೇ. ಲಂಡನ್ನಿಗೂ ಕೆಲವರು ಹೋದರು. 19ನೇ ಶತಮಾನದ ಲಂಡನ್ನಿನಲ್ಲಿ ಅಟೆನ್‌ಬರೋ ಅಂದರೆ ಜನರಿಗೆ ನೆನಪಾಗುತ್ತಿದ್ದದ್ದು ಗಿರವಿ ಅಂಗಡಿ.

ಇನ್ನು ಡಿಎನ್‌ಎ. ಗಂಡಸರಲ್ಲಿ ವೈ ಕ್ರೋಮೋಸೋಮ್ ಅಂತ ಒಂದಿರುತ್ತದೆ. ಅದು ಅಪ್ಪನಿಂದ ಮಗನಿಗೆ ಹೋಗುತ್ತದೆ, ಅಮ್ಮನಿಂದ ಅದರಲ್ಲಿ ಏನೂ ಸೇರುವುದಿಲ್ಲ. ಉಳಿದ ಕ್ರೋಮೋಸೋಮ್‌ಗಳು ಪ್ರತಿ ತಲೆಮಾರಿನಲ್ಲೂ ಕಲೆಸಿಹೋಗುತ್ತವೆ, ಇದು ಮಾತ್ರ ಬಹುಪಾಲು ಹಾಗೇ ದಾಟುತ್ತದೆ. ಅಲ್ಲಲ್ಲಿ ಚಿಕ್ಕ ಅಕ್ಷರಗುಂಪುಗಳು ಮತ್ತೆಮತ್ತೆ ಬರುವ ಜಾಗಗಳಿವೆ, ಒಬ್ಬನಲ್ಲಿ 13 ಸಲ, ಇನ್ನೊಬ್ಬನಲ್ಲಿ 14 ಸಲ, ಹೀಗೆ. ಈ ಎಣಿಕೆ ಅಪರೂಪಕ್ಕೊಮ್ಮೆ ಒಂದು ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ. ಇಬ್ಬರ ಎಣಿಕೆಗಳು ಇಂಥ ಹತ್ತಾರು ಜಾಗಗಳಲ್ಲಿ ಹತ್ತಿರ ಹತ್ತಿರ ಇದ್ದರೆ ಅವರ ಅಪ್ಪನ ಕಡೆಯ ಮೂಲಪುರುಷ ತೀರಾ ಹಿಂದಿನವನಲ್ಲ ಅಂತ ಅರ್ಥ. ಇಂಗ್ಲೆಂಡಿನಲ್ಲಿ ಸರ್‌ನೇಮ್ ಕೂಡ ಅಪ್ಪನಿಂದಲೇ ಬರುವುದು ರೂಢಿ. ಹಾಗಾದರೆ ಹೆಸರು ಮತ್ತು ವೈ ಕ್ರೋಮೋಸೋಮ್ ಜೊತೆಜೊತೆಯಾಗಿ ಹೋಗಬೇಕಲ್ಲ, ಹೋಗುತ್ತಿವೆಯಾ ಅಂತ ನೋಡಬಹುದು.

ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇದನ್ನೇ ಮಾಡಿದರು. 2006ರಲ್ಲಿ ಅವರ ತಂಡ ಒಂದೇ ಸರ್‌ನೇಮ್ ಇದ್ದು, ಪರಸ್ಪರ ಪರಿಚಯವಿಲ್ಲದ 150 ಜೋಡಿ ಗಂಡಸರನ್ನು ಹೋಲಿಸಿತು. ಸುಮಾರು ಕಾಲುಭಾಗ ಜೋಡಿಗಳಲ್ಲಿ ರಕ್ತಸಂಬಂಧದ ಗುರುತು ಸಿಕ್ಕಿತು. ಅಪರೂಪದ ಹೆಸರುಗಳಲ್ಲಿ ಅದು ಅರ್ಧದ ಹತ್ತಿರಕ್ಕೆ ಏರಿತು. 2009ರಲ್ಲಿ ಇನ್ನೂ ದೊಡ್ಡದಾಗಿ ಮಾಡಿದರು. 40 ಸರ್‌ನೇಮ್‌ಗಳು, 1,678 ಗಂಡಸರು. ಸ್ಮಿತ್‌ಗಳ ವಿಷಯದಲ್ಲಿ ಏನೂ ಸಿಗಲಿಲ್ಲ, ಇಬ್ಬರು ಸ್ಮಿತ್‌ಗಳೂ ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರೂ ಒಂದೇ. ಅದು ಸಹಜ. ಸ್ಮಿತ್ ಅಂದರೆ ಕಮ್ಮಾರ, ಪ್ರತಿ ಊರಿನಲ್ಲೂ ಒಬ್ಬ ಕಮ್ಮಾರ ಇದ್ದ, ಹೆಸರು ಸಾವಿರಾರು ಕಡೆ ಸಾವಿರಾರು ಸಲ ಹುಟ್ಟಿತು. ಆದರೆ ಅಟೆನ್‌ಬರೋಗಳಲ್ಲಿ? ಪರೀಕ್ಷೆಗೆ ಒಳಗಾದ ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಂಬತ್ತು ಜನರದ್ದು ಒಂದೇ ಬಗೆಯ ವೈ ಕ್ರೋಮೋಸೋಮ್! ಗ್ರೂಕಾಕ್, ಕೆಟ್ಲಿ, ರೇವನ್ಸ್‌ಕ್ರಾಫ್ಟ್ ಮುಂತಾದ ಅಪರೂಪದ ಹೆಸರುಗಳಲ್ಲೂ ಬಹುಪಾಲು ಜನ ಹೀಗೇ ಒಂದೇ ಗುಂಪಿಗೆ ಬಿದ್ದರು.

ಇಲ್ಲಿಗೆ ಕಥೆ ಮುಗಿಯಿತು ಅಂತ ಅನ್ನಿಸುತ್ತದೆ. ಒಬ್ಬ ಅಟೆನ್‌ಬರೋ ಹಳ್ಳಿ ಬಿಟ್ಟ, ಅವನಿಗೆ ಆ ಹೆಸರು ಬಂತು, ಎಲ್ಲರೂ ಅವನ ಮಕ್ಕಳು. ಪತ್ರಿಕೆಗಳಲ್ಲಿ ಬಂದದ್ದೂ ಹೆಚ್ಚುಕಮ್ಮಿ ಇದೇ. ಹಾಗಿದ್ದಿರಲೂಬಹುದು. ಆದರೆ ಇವತ್ತು ಒಂದೇ ರಕ್ತ ಇದೆ ಅನ್ನುವುದರಿಂದ ಅವತ್ತು ಒಬ್ಬನೇ ಇದ್ದ ಅಂತ ಸಾಬೀತಾಗುವುದಿಲ್ಲ. ಉಳಿದವರು ಯಾರು ಅಂತ ಡಿಎನ್‌ಎ ಹೇಳುತ್ತದೆ. ಶುರುವಿನಲ್ಲಿ ಎಷ್ಟು ಜನ ಇದ್ದರು ಅಂತ ಹೇಳುವುದಿಲ್ಲ.

ಯಾಕೆ ಅಂತ ನೋಡಲು 1870ರ ದಶಕಕ್ಕೆ ಹೋಗಬೇಕು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಒಂದು ಕಾಲಕ್ಕೆ ಹೆಸರಾಗಿದ್ದ ಎಷ್ಟೋ ಮನೆತನಗಳು ಹೆಸರಿಲ್ಲದೆ ಹೋಗುತ್ತಿವೆಯಲ್ಲ, ಯಾಕೆ? ದೊಡ್ಡ ಮನೆಗಳಲ್ಲಿ ಸಂತಾನಶಕ್ತಿ ಕುಂದುತ್ತದೆ ಅಂತ ಆಗಿನವರು ಹೇಳುತ್ತಿದ್ದರು. ಗಾಲ್ಟನ್‌ಗೆ ಸುಮ್ನೆ ಲೆಕ್ಕದ ಆಟವೇ ಇದಕ್ಕೆ ಕಾರಣ ಇರಬಹುದು ಅನ್ನಿಸಿತು. 1873ರಲ್ಲಿ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಹಾಕಿಸಿದ, ಹೆನ್ರಿ ವಾಟ್ಸನ್ ಎಂಬ ಪಾದ್ರಿ ಗಣಿತಜ್ಞ ಉತ್ತರ ಕೊಟ್ಟ. ವಾಟ್ಸನ್‌ನ ಉತ್ತರದಲ್ಲಿ ಒಂದು ತಪ್ಪಿತ್ತು. ಎಲ್ಲ ಹೆಸರೂ ಒಂದಲ್ಲ ಒಂದು ದಿನ ಅಳಿಯಲೇಬೇಕು ಅಂದುಬಿಟ್ಟಿದ್ದ. ಆದರೂ ದಾರಿ ಸರಿಯಿತ್ತು, ಆ ಲೆಕ್ಕ ಇವತ್ತಿಗೂ ಅವರಿಬ್ಬರ ಹೆಸರಲ್ಲೇ ಇದೆ.

ಲೆಕ್ಕ ಹೀಗಿದೆ. ಜನಸಂಖ್ಯೆ ಏರದೆ ಇಳಿಯದೆ ಇದೆ, ಒಬ್ಬ ಗಂಡಸಿಗೆ ಸರಾಸರಿ ಒಬ್ಬ ಮಗ ಇರುತ್ತಾನೆ ಅಂತ ಇಟ್ಟುಕೊಳ್ಳಿ. ಸರಾಸರಿ ಒಂದು ಅಂದರೆ ಎಲ್ಲರಿಗೂ ಒಬ್ಬ ಅಂತಲ್ಲ. ಕೆಲವರಿಗೆ ಮೂವರು, ಕೆಲವರಿಗೆ ಬರೀ ಹೆಣ್ಣುಮಕ್ಕಳು, ಕೆಲವರಿಗೆ ಮಕ್ಕಳೇ ಇಲ್ಲ. ನೂರು ಬೇರೆಬೇರೆ ಹೆಸರಿನ ನೂರು ಗಂಡಸರಿಂದ ಶುರು ಮಾಡಿದರೆ, ಅದೃಷ್ಟ ಒಂದನ್ನೇ ನಂಬಿ ಲೆಕ್ಕ ಹಾಕಿದರೂ ಮೊದಲ ತಲೆಮಾರಿಗೇ ಸುಮಾರು 37 ಹೆಸರು ಹೋಗುತ್ತವೆ. ಮೂರನೇ ತಲೆಮಾರಿಗೆ 63. ಹತ್ತನೆಯದಕ್ಕೆ 84. ಯುದ್ಧ ಬೇಡ, ಕ್ಷಾಮ ಬೇಡ, ಶಾಪವಂತೂ ಬೇಡವೇ ಬೇಡ. ಹೆಸರುಗಳು ತಾವಾಗಿಯೇ ಅಳಿಯುತ್ತವೆ, ಉಳಿದ ಕೆಲವೇ ಮನೆತನಗಳು ಹರಡಿಕೊಳ್ಳುತ್ತವೆ.

ಇಂಗ್ಲೆಂಡಿನಲ್ಲಿ ಇದರ ಮೇಲೆ ಒಂದು ಘೋರವೂ ನಡೆಯಿತು. 1348-49ರ ಪ್ಲೇಗ್ ದೇಶದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರನ್ನು ಕೊಂದಿತು ಅಂತ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅದೂ ಸರ್‌ನೇಮ್‌ಗಳು ಆಗತಾನೇ ನೆಲೆ ಕಾಣುತ್ತಿದ್ದ ಹೊತ್ತಿನಲ್ಲಿ. ಆಗ ಒಂದು ಹೆಸರಿನ ಮೂರು ಮನೆಗಳಿದ್ದರೆ ಎರಡು ನಿರ್ನಾಮವಾಗಿ ಒಂದು ಉಳಿದಿರಬಹುದು. ಅಟೆನ್‌ಬರೋ ಹಳ್ಳಿಯಿಂದ ಹೊರಟವರು ಒಬ್ಬರಲ್ಲ, ನಾಲ್ವರೋ ಐವರೋ ಇದ್ದು, ಕೋಟೆ ಪಕ್ಕದ ಮನೆಯವರೂ ಒಬ್ಬಿಬ್ಬರು ಇದ್ದು, ಅವರಲ್ಲಿ ಒಬ್ಬನ ಗಂಡುಸಂತಾನ ಮಾತ್ರ ಬೆಳೆದುಬಂದಿರಬಹುದು. ಏಳುನೂರು ವರ್ಷ ಕಳೆದ ಮೇಲೆ ಎರಡೂ ಕಥೆಗಳು ಡಿಎನ್‌ಎಯಲ್ಲಿ ಒಂದೇ ರೀತಿ ಕಾಣುತ್ತವೆ. ಕಿಂಗ್ ಮತ್ತು ಜಾಬ್ಲಿಂಗ್ ತಮ್ಮ ಪ್ರಬಂಧದಲ್ಲಿ ಈ ಮಾತನ್ನು ಸ್ಪಷ್ಟವಾಗಿಯೇ ಇಟ್ಟಿದ್ದಾರೆ, ಮೂಲಪುರುಷರ ಸಂಖ್ಯೆಯ ಜೊತೆಗೆ ಅದೃಷ್ಟದ ಪಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಸುದ್ದಿಯಾಗುವಾಗ ಆ ಅರ್ಧ ಬಿಟ್ಟುಹೋಯಿತು. ನನಗೆ ಅದೇ ಮುಖ್ಯವಾದ ಅರ್ಧ ಅನ್ನಿಸುತ್ತದೆ.

ಸರಿ, ಹತ್ತರಲ್ಲಿ ಒಂಬತ್ತು ಆಯಿತು. ಉಳಿದ ಆ ಒಬ್ಬ? ಹೆಸರು ಅದೇ, ರಕ್ತ ಬೇರೆ. ಇದನ್ನು ಕೇಳಿದ ಕೂಡಲೇ ಜನ ಯಾವುದೋ ಅಜ್ಜಿಯ ಶೀಲದ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಅದು ಅನ್ಯಾಯ. ದತ್ತು ಮಗ ಇರಬಹುದು. ಗಂಡ ಸತ್ತ ಹೆಂಗಸು ಮರುಮದುವೆಯಾದಾಗ ಮೊದಲ ಗಂಡನ ಮಗು ಹೊಸ ಅಪ್ಪನ ಹೆಸರು ಪಡೆದಿರಬಹುದು. ಮದುವೆಯಾಗದ ತಾಯಿಯ ಮಗ ತಾಯಿಯ ಹೆಸರನ್ನೇ ಇಟ್ಟುಕೊಂಡಿರಬಹುದು, ಇಂಗ್ಲೆಂಡಿನ ಚರ್ಚ್ ದಾಖಲೆಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಹೆಂಡತಿಯ ಕಡೆಯ ಆಸ್ತಿ ಸಿಗಬೇಕಾದರೆ ಅಳಿಯ ಆ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಉಯಿಲಿನಲ್ಲಿ ಬರೆದದ್ದೂ ಉಂಟು. ಬೇರೆ ಮೂಲಪುರುಷನ ವಂಶವೂ ಆಗಿರಬಹುದು. ಇವೆಲ್ಲ ಸೇರಿ ಹೆಸರಿಗೂ ರಕ್ತಕ್ಕೂ ನಂಟು ತಪ್ಪುವ ಪ್ರಮಾಣ ಒಂದು ತಲೆಮಾರಿಗೆ ನೂರಕ್ಕೆ ಐದಕ್ಕಿಂತ ಕಡಿಮೆ ಅಂತ ಆ ಅಧ್ಯಯನ ಅಂದಾಜಿಸಿತು. ಕಡಿಮೆಯೇ. ಆದರೆ ಅದು ಕೂಡುತ್ತಾ ಹೋಗುತ್ತದೆ. ನೂರಕ್ಕೆ ಎರಡು ಅಂತ ಇಟ್ಟುಕೊಂಡರೂ 25 ತಲೆಮಾರು ದಾಟುವಾಗ ಸರಪಳಿ ಎಲ್ಲೂ ತುಂಡಾಗದೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 60 ಮಾತ್ರ.

ಅರಮನೆಯೂ ಇದಕ್ಕೆ ಹೊರತಲ್ಲ. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಕೆಳಗೆ ಅಸ್ಥಿಪಂಜರ ಸಿಕ್ಕಿತು. 1485ರಲ್ಲಿ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯದ್ದು. ಡಿಎನ್‌ಎ ಕೆಲಸದ ಮುಂದಾಳು ಅದೇ ಟೂರಿ ಕಿಂಗ್. ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ, ದೊರೆಯ ಅಕ್ಕನ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದವರ ಜೊತೆ ಹೊಂದಿತು. ಗಂಡುಸಾಲು ಹೊಂದಲಿಲ್ಲ. ದೊರೆಯ ಪೂರ್ವಜ ಮೂರನೇ ಎಡ್ವರ್ಡ್‌ನಿಂದ ಬಂದ ಸಾಮರ್‌ಸೆಟ್ ಎಂಬ ಸರ್‌ನೇಮಿನ ವಂಶದ ಐವರನ್ನು ಪರೀಕ್ಷಿಸಿದರು. ಐವರಲ್ಲಿ ಯಾರೂ ದೊರೆಗೆ ಹೊಂದಲಿಲ್ಲ, ಅಷ್ಟೇ ಅಲ್ಲ, ನಾಲ್ವರು ತಮ್ಮೊಳಗೆ ಹೊಂದಿದರು, ಐದನೆಯವರು ಅವರಿಗೂ ಹೊಂದಲಿಲ್ಲ. ಅಂದರೆ ಸರಪಳಿ ಕಡಿಮೆಯೆಂದರೂ ಎರಡು ಕಡೆ ತುಂಡಾಗಿತ್ತು. ಇಂಗ್ಲೆಂಡಿನಲ್ಲೇ ಅತ್ಯಂತ ಚೆನ್ನಾಗಿ ಬರೆದಿಟ್ಟ ವಂಶಾವಳಿಗಳಲ್ಲಿ ಒಂದು ಅದು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಕೆಲವೊಮ್ಮೆ ಅಪರೂಪದ ಹೆಸರು ಇನ್ನೂ ದೂರಕ್ಕೆ ಕರೆದೊಯ್ಯುತ್ತದೆ. 2007ರಲ್ಲಿ ಇದೇ ಲೆಸ್ಟರ್ ತಂಡಕ್ಕೆ ಪೂರ್ವ ಯಾರ್ಕ್‌ಷೈರ್‌ನ ಒಂದು ಅಪರೂಪದ ಸರ್‌ನೇಮ್ ಇದ್ದ ಬಿಳಿಯ ಗಂಡಸಿನಲ್ಲಿ ಪಶ್ಚಿಮ ಆಫ್ರಿಕಾದಲ್ಲಷ್ಟೇ ವಿರಳವಾಗಿ ಕಾಣುವ ವೈ ಕ್ರೋಮೋಸೋಮ್ ಸಿಕ್ಕಿತು. ಆ ಮನೆಯವರಿಗೆ ಆಫ್ರಿಕಾದ ಸುಳಿವೇ ಇರಲಿಲ್ಲ. ಅದೇ ಹೆಸರಿನ 18 ಜನರನ್ನು ಪರೀಕ್ಷಿಸಿದಾಗ ಏಳು ಜನರಲ್ಲಿ ಅದು ಇತ್ತು. ವಂಶಾವಳಿ ಹುಡುಕಿದರೆ 1780ರ ದಶಕದ ಯಾರ್ಕ್‌ಷೈರ್‌ನ ಎರಡು ಕುಟುಂಬಗಳವರೆಗೆ ಹೋಗಿ ನಿಂತಿತು. ಅದಕ್ಕೂ ಹಿಂದೆ ಎಲ್ಲೋ ಒಬ್ಬ ಆಫ್ರಿಕನ್ ಪೂರ್ವಜ ಇದ್ದ. ರೋಮನ್ನರ ಕಾಲದಲ್ಲಿ ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆ ಕಾಯಲು ಉತ್ತರ ಆಫ್ರಿಕಾದ ಸೈನಿಕರ ದಳ ಇತ್ತು, 16ನೇ ಶತಮಾನದ ನಂತರ ಗುಲಾಮ ವ್ಯಾಪಾರದ ಹಡಗುಗಳಲ್ಲೂ ಆಫ್ರಿಕನ್ನರು ಬಂದರು. ಇಂಗ್ಲಿಷ್ ಹೆಸರು ಅಂದರೆ ಇಂಗ್ಲಿಷ್ ರಕ್ತ ಅಂದುಕೊಳ್ಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಮತ್ತೆ ಅಟೆನ್‌ಬರೋಗಳಿಗೆ ಬರೋಣ. ಡೇವಿಡ್ ಮತ್ತು ರಿಚರ್ಡ್ ಅವರ ತಂದೆ ಫ್ರೆಡರಿಕ್ ಅಟೆನ್‌ಬರೋ 1887ರಲ್ಲಿ ಹುಟ್ಟಿದ್ದು ಸ್ಟೇಪಲ್‌ಫರ್ಡ್ ಎಂಬ ಊರಿನಲ್ಲಿ, ಬೇಕರಿ ನಡೆಸುತ್ತಿದ್ದವರ ಮಗನಾಗಿ. ಸ್ಟೇಪಲ್‌ಫರ್ಡ್ ಎಲ್ಲಿದೆ ಗೊತ್ತಾ? ಅಟೆನ್‌ಬರೋ ಹಳ್ಳಿಯಿಂದ ಕೆಲವೇ ಮೈಲಿ! ಇಷ್ಟು ಶತಮಾನ ಕಳೆದರೂ ಹೆಸರು ತವರಿನ ಮಗ್ಗುಲಲ್ಲೇ ಇತ್ತು. ಫ್ರೆಡರಿಕ್ ಓದಿ ಕೇಂಬ್ರಿಡ್ಜ್ ಸೇರಿದರು, ಆಂಗ್ಲೋ ಸ್ಯಾಕ್ಸನ್ ಕಾಲದ ಕಾನೂನುಗಳ ವಿದ್ವಾಂಸರಾದರು, 1932ರಿಂದ 1951ರವರೆಗೆ ಲೆಸ್ಟರ್‌ನ ಯೂನಿವರ್ಸಿಟಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಮಕ್ಕಳು ಬೆಳೆದದ್ದು ಆ ಕ್ಯಾಂಪಸ್‌ನಲ್ಲೇ. ಆ ಕಾಲೇಜೇ ಮುಂದೆ ಲೆಸ್ಟರ್ ವಿಶ್ವವಿದ್ಯಾಲಯವಾಯಿತು. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ಕಂಡುಹಿಡಿದದ್ದು ಅಲ್ಲೇ, ಆಮೇಲೆ ಅಟೆನ್‌ಬರೋಗಳ ವೈ ಕ್ರೋಮೋಸೋಮ್ ಓದಿದ್ದೂ ಅಲ್ಲೇ. ಫ್ರೆಡರಿಕ್ ಹೆಸರಿನ ಎತ್ತರದ ಕಟ್ಟಡ ಇವತ್ತಿಗೂ ಅಲ್ಲಿದೆ.

ಈ ಇಡೀ ವಿಧಾನದಲ್ಲಿ ಒಂದು ಕೊರತೆ ಇದೆ. ವೈ ಕ್ರೋಮೋಸೋಮ್ ಮತ್ತು ಸರ್‌ನೇಮ್ ಎರಡೂ ಗಂಡುಸಾಲನ್ನು ಮಾತ್ರ ಹಿಡಿಯುತ್ತವೆ. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬರಿಗೆ ಸಾವಿರಕ್ಕೂ ಹೆಚ್ಚು ಪೂರ್ವಜರ ಜಾಗಗಳಿವೆ, ಸರ್‌ನೇಮ್ ಹೇಳುವುದು ಅದರಲ್ಲಿ ಒಬ್ಬನ ಕಥೆ. ಒಬ್ಬ ಅಟೆನ್‌ಬರೋ ಹೆಣ್ಣುಮಗಳು ಮದುವೆಯಾಗಿ ಹೆಸರು ಬದಲಿಸಿದ ದಿನವೇ ಅವಳ ಮಕ್ಕಳು, ಮೊಮ್ಮಕ್ಕಳು ಈ ಲೆಕ್ಕದಿಂದ ಹೊರಗೆ. ಅಟೆನ್‌ಬರೋ ರಕ್ತ ಇದ್ದೂ ಹೆಸರಿಲ್ಲದವರು, ಹೆಸರಿರುವವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರಲೇಬೇಕು.

ಮುಂದಿನ ದಿನಗಳಲ್ಲಿ ಇಂಥ ಅಧ್ಯಯನ ಕಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳಲೇಬೇಕು ಅಂತ ಕಾನೂನಿಲ್ಲ, ಅದು ಬರೀ ರೂಢಿ. ಮಗುವಿಗೆ ತಾಯಿಯ ಸರ್‌ನೇಮ್ ಕೊಡಬಹುದು, ಇಬ್ಬರದ್ದನ್ನೂ ಸೇರಿಸಿ ಕೊಡಬಹುದು, ದೊಡ್ಡವರಾದ ಮೇಲೆ ಒಂದು ಪತ್ರ ಬರೆಸಿ ಸಹಿ ಹಾಕಿ ಬೇಕಾದ ಹೆಸರು ಇಟ್ಟುಕೊಳ್ಳಬಹುದು. ಹಾಗೆ ಮಾಡುವವರು ಹೆಚ್ಚಿದಷ್ಟೂ ಹೆಸರಿಗೂ ವೈ ಕ್ರೋಮೋಸೋಮಿಗೂ ಇರುವ ನಂಟು ಸಡಿಲವಾಗುತ್ತದೆ. ಅಪ್ಪನ ಕಡೆಯಿಂದ ಅಳಿದುಹೋಗಬೇಕಿದ್ದ ಕೆಲವು ಅಪರೂಪದ ಹೆಸರುಗಳು ಹೆಣ್ಣುಮಕ್ಕಳ ಮೂಲಕ ಉಳಿಯುವುದೂ ಇದರಿಂದಲೇ ಸಾಧ್ಯ. ಗಾಲ್ಟನ್ ಮತ್ತು ವಾಟ್ಸನ್ ಲೆಕ್ಕದಲ್ಲಿ ಆ ದಾರಿ ಇರಲೇ ಇಲ್ಲ.